ಸೊಲಾಂಜಳ ಬಾಗಿಲ ಬಟ್ಟಲು

ನಾಂತ್ ಊರಿನ ನಮ್ಮ ಬೀದಿಯಲ್ಲಿ ಕಸದ ಡಬ್ಬಿ ಹೊರಗಿಡುವುದಕ್ಕೂ ತುಟಿಗೆ ಬಣ್ಣ ಹಚ್ಚಿಕೊಂಡು ಬರುತ್ತಿದ್ದವಳು ಸೊಲಾಂಜ್ ಒಬ್ಬಳೇ. ಕೆಳಗೆ ಅವಳ ಹೊಲಿಗೆಯಂಗಡಿ, ಮೇಲೆ ಮನೆ. ಎದುರು ಬಾಗಿಲು ನನ್ನದು. ಬೇರೆಯವರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ, ಅಂಚು ಮಡಿಸಿಯೇ ನಲವತ್ತು ವರ್ಷ ಕಳೆದಳು. ತನಗೆಂದು ಇದ್ದದ್ದು ಒಂದೇ ಕಡುನೀಲಿ ಕೋಟು. ಅದರ ಒಳಗಿನ ಬಟ್ಟೆ ನಾಲ್ಕು ಸಲ ಬದಲಾಗಿತ್ತು, ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ತಣ್ಣೀರಲ್ಲಿ ಮುಖ ತೊಳೆದು, ಕೂದಲನ್ನು ನಾಲ್ಕು ಪಿನ್ನಿನಲ್ಲಿ ಎತ್ತಿ ಕಟ್ಟಿ, ಒಂದು ಎಳೆಯನ್ನು ಬೇಕಂತಲೇ ಜಾರಲು ಬಿಡುತ್ತಿದ್ದಳು. ನಾನು ಗಂಟೆಗಟ್ಟಲೆ ಸಿಂಗರಿಸಿಕೊಂಡು ಹೋದರೂ ಬ್ರೆಡ್ ಅಂಗಡಿಯವನ ಕಣ್ಣು ಅವಳ ಮೇಲೆಯೇ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

“ಏನೇ ಜಿನೆಟ್, ಕ್ರಿಸ್‌ಮಸ್ ಮರಾನೇ ಎದ್ದು ಹೊರಟ ಹಾಗಿದೆಯಲ್ಲೇ!” ಎಂದು ನನ್ನನ್ನು ರೇಗಿಸುತ್ತಿದ್ದಳು.

“ನಿನ್ನ ಥರ ಕಾನ್ವೆಂಟ್ ಸಿಸ್ಟರ್ ಆಗಿ ಓಡಾಡೋಕೆ ನನ್ ಕೈಲಾಗಲ್ಲ ಮಾರಾಯ್ತಿ.”

ಅವಳದೊಂದು ನೇಮವಿತ್ತು. ಮನೆ ಬಿಡುವ ಮುಂಚೆ ಬಾಗಿಲ ಬಳಿಯ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಮೈಮೇಲಿನ ಒಂದು ವಸ್ತುವನ್ನು ತೆಗೆದುಬಿಡುವುದು. ಕಿವಿಯೋಲೆಯೋ, ಸ್ಕಾರ್ಫೋ, ಬಳೆಯೋ, ಆ ದಿನ ಯಾವುದು ಹೆಚ್ಚೆನಿಸಿತೋ ಅದು. ಕನ್ನಡಿಯ ಕೆಳಗೆ ಅಂಚು ಮುಕ್ಕಾದ ಪಿಂಗಾಣಿ ಬಟ್ಟಲೊಂದಿತ್ತು, ಅದರೊಳಗೆ ಹಾಕಿ ಹೊರಡುತ್ತಿದ್ದಳು. ಇದು ತಾಯಿ ಕಲಿಸಿದ ಪಾಠ. ಕನ್ನಡಿ, ಬಟ್ಟಲು ಎರಡೂ ತಾಯಿಯವೇ.

ಒಂದು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಇದ್ದಕ್ಕಿದ್ದಂತೆ ಹೇಳಿದಳು.

“ನನ್ ಮದುವೆ ದಿನ ಗಡಿಬಿಡೀಲಿ ಏನೂ ತೆಗೀದೇ ಹೊರಟುಬಿಟ್ಟೆ ಕಣೇ. ಸಹಿ ಹಾಕೋಕೆ ನಗರಸಭೆ ಮೆಟ್ಟಿಲು ಹತ್ತುವಾಗ ಕುತ್ತಿಗೆ ಮುಟ್ಟಿ ನೋಡ್ತೀನಿ, ಸರ ಇಲ್ಲ. ವಾಪಸ್ ಬಂದ್ರೆ ಆ ಬಾಗಿಲ ಬಟ್ಟಲಲ್ಲಿದೆ.”

“ಮನೇಲೇ ಕಳಚಿ ಬಿದ್ದಿರುತ್ತೆ ಬಿಡೇ.”

“ದಾರಿಯುದ್ದಕ್ಕೂ ಕೊರಳಲ್ಲೇ ಇತ್ತು. ಅಮ್ಮ ಸತ್ತು ಆಗಲೇ ವರ್ಷ ಆಗಿತ್ತು ಜಿನೆಟ್. ನೆಮ್ಮದಿಯಾಗಿ ಮಲಗಿದ್ದೋಳನ್ನ ನಾನು ಎಬ್ಬಿಸಿಬಿಟ್ಟೆ.” ಅವಳು ನಗುತ್ತಿರಲಿಲ್ಲ. “ನಾನು ಹೋಗೋ ದಿನ ಕನ್ನಡಿ ಮುಂದೆ ನಿಲ್ಲೋಕೆ ನನಗಾಗಲ್ಲ. ನೀನೇ ನೋಡಿ ಒಂದು ತೆಗೆದುಬಿಡು. ನನ್ನ ಏಳಿಸ್ಬೇಡ ಕಣೇ.”

“ಆಯ್ತು, ತೆಗೀತೀನಿ,” ಎಂದೆ. ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಕೊಟ್ಟ ಮಾತು ಅದು.

ನವೆಂಬರಿನಲ್ಲಿ ಸೊಲಾಂಜ್ ನಿದ್ದೆಯಲ್ಲೇ ಹೋದಳು. ಸಾವಿನ ಮನೆಯಲ್ಲಿ ಕನ್ನಡಿ ಮುಚ್ಚುತ್ತಾರಲ್ಲ, ಹಾಗೆ ನಾನೇ ಆ ಕನ್ನಡಿಗೆ ಬಿಳಿ ದುಪ್ಪಟಿ ಹೊದಿಸಿದೆ. ಅವಳ ಅಣ್ಣನ ಮಗಳು ಮ್ಯೂರಿಯೆಲ್ ಪ್ಯಾರಿಸ್ಸಿನಿಂದ ಬಂದವಳು ಒಡವೆ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ತೆಗೆದು ಅವಳ ಮೇಲೆ ಹೇರಿದಳು: ನೀಲಿ ಉಡುಪಿನ ಮೇಲೆ ಮುತ್ತಿನ ಸರ, ಓಲೆ, ರೇಷ್ಮೆ ಸ್ಕಾರ್ಫ್, ಎದೆಗೆ ಹವಳದ ಬ್ರೋಚು.

“ಒಂದಾದ್ರೂ ತೆಗೆಯೋಣಮ್ಮ,” ಎಂದೆ ಮೆಲ್ಲಗೆ. “ಅವಳು ಕೇಳ್ಕೊಂಡಿದ್ಲು.”

“ನಮ್ಮತ್ತೆ ಬಡವಿ ಥರ ಹೋಗೋದು ಬೇಡ ಮದಾಮ್. ಬದುಕಿರೋವಾಗ ನಾನಂತೂ ಏನೂ ಕೊಡಲಿಲ್ಲ.” ಅವಳ ಕಣ್ಣು ತುಂಬಿತು.

ನಾನು ಬಾಯಿ ಮುಚ್ಚಿಕೊಂಡೆ. ಅವಳು ರಕ್ತಸಂಬಂಧಿ, ನಾನು ಎದುರುಮನೆಯವಳು ಎಂಬುದು ನೆಪ. ಕೊನೆಗೂ ಸೊಲಾಂಜ್ ನನ್ನಂತೆಯೇ ಕ್ರಿಸ್‌ಮಸ್ ಮರವಾದಳಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ನಮ್ಮಿಬ್ಬರ ಕಣ್ಣೆದುರಿಗೇ ಶವಪೆಟ್ಟಿಗೆಗೆ ಮುಚ್ಚಳ ಹಾಕಿ ತಿರುಪು ಬಿಗಿದರು. ಮ್ಯೂರಿಯೆಲ್ ಮನೆಗೆ ಬೀಗ ಹಾಕಿ ಕೀಲಿಯನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಎಲ್ಲರೂ ಹೊರಟೆವು.

ಮಣ್ಣು ಮಾಡಿ ಮರಳಿದಾಗ ಇನ್ನೂ ಬೆಳಕಿತ್ತು. ಬಂದವರಿಗೆ ಒಂದೊಂದು ಲೋಟ ವೈನ್ ಕೊಡಬೇಕೆಂದು ನಾವಿಬ್ಬರೂ ಮುಂದಾಗಿ ಮೆಟ್ಟಿಲು ಹತ್ತಿದೆವು. ಮ್ಯೂರಿಯೆಲ್ ಬೀಗ ತೆಗೆದಳು.

ಕನ್ನಡಿ ತೆರೆದಿತ್ತು. ದುಪ್ಪಟಿ ಕುರ್ಚಿಯ ಮೇಲಿತ್ತು, ಮೂಲೆಗೆ ಮೂಲೆ ಕೂಡಿಸಿ ನಾಲ್ಕಾಗಿ ಮಡಿಸಿ. ಬಟ್ಟಲಲ್ಲಿ ಹವಳದ ಬ್ರೋಚು.

“ಮದಾಮ್… ನೀವು ತೆಗೆದ್ರಾ?”

“ತಿರುಪು ಹಾಕುವಾಗ ನೀನೇ ನೋಡ್ತಿದ್ಯಲ್ಲಮ್ಮ. ಅವಳ ಎದೆ ಮೇಲೇ ಇತ್ತು.”

ಕೈಗೆತ್ತಿಕೊಂಡೆ. ಹಿಂಬದಿಯ ಪಿನ್ನಿಗೆ ಅವಳ ಉಡುಪಿನ ನೀಲಿ ನೂಲೊಂದು ಸಿಕ್ಕಿಕೊಂಡಿತ್ತು. ಬ್ರೋಚು ಎಷ್ಟು ತಣ್ಣಗಿತ್ತೆಂದರೆ ಬೆರಳು ನೊಂದಿತು. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ನಲವತ್ತು ವರ್ಷ ಬೆನ್ನು ಬಗ್ಗಿಸಿ ಹೊಲಿದವಳು ಆ ಒಂದು ದಿನವಾದರೂ ಮಲಗಿರಬಹುದಿತ್ತು. ನಾನು ಏಳಿಸಿಬಿಟ್ಟೆ.

ಆ ಕನ್ನಡಿ, ಬಟ್ಟಲು ಮ್ಯೂರಿಯೆಲ್‌ಗೆ ಬೇಡವಾದವು. ಈಗ ನನ್ನ ಬಾಗಿಲ ಬಳಿ ಇವೆ. ಬೆಳಿಗ್ಗೆ ಬ್ರೆಡ್ ತರಲು ಹೊರಡುವಾಗ ನೋಡಿಕೊಂಡು ಒಂದು ಓಲೆಯನ್ನೋ ಬಳೆಯನ್ನೋ ತೆಗೆದು ಬಟ್ಟಲಿಗೆ ಹಾಕುತ್ತೇನೆ. ಮರೆತು ಮೆಟ್ಟಿಲಿಳಿದರೆ, ಎಷ್ಟೇ ಮಂಡಿನೋವಿರಲಿ, ಮತ್ತೆ ಹತ್ತಿ ಬರುತ್ತೇನೆ.

“ತೆಗೆದೆ ಕಣೇ,” ಅನ್ನುತ್ತೇನೆ ಕನ್ನಡಿಗೆ. “ನೀನು ಮಲಗಿರು.”