ಹಾಲೆಂಡಿನ ಚಳಿಗೆ ಒಂದು ಕಂಬಳಿ

ಕಾರ್ಫ್‌ಬಾಲ್ ಆಟದಲ್ಲಿ ಒಂದು ತಂಡಕ್ಕೆ ನಾಲ್ವರು ಗಂಡಸರು, ನಾಲ್ವರು ಹೆಂಗಸರು. ಎಂಬತ್ತರ ದಶಕದಲ್ಲೊಮ್ಮೆ ಹಾಲೆಂಡಿನ ಅಂತಾರಾಷ್ಟ್ರೀಯ ಪಂದ್ಯಾವಳಿಗೆ ಹೊರಟ ಭಾರತ ತಂಡಕ್ಕೆ ನಮ್ಮ ಕಡೆಯಿಂದಲೂ ಆಟಗಾರರನ್ನು ಆರಿಸಲು ಶಿರಾದಲ್ಲಿ ಆಯ್ಕೆ ನಡೆಯಿತು. ಮಧುಗಿರಿಯ ನಮ್ಮ ಕಾಲೇಜಿನಿಂದ ನಾನು ಕರೆದೊಯ್ದಿದ್ದ ಪುರವರದ ಲಕ್ಷ್ಮಿದೇವಿ, ಕುರಿ ಕಾಯುವವರ ಮಗಳು, ಕಂಬದ ಮೇಲಿನ ಬುಟ್ಟಿಗೆ ಹನ್ನೊಂದು ಸಲ ಚೆಂಡು ಹಾಕಿದಳು. ಉಳಿದ ಹುಡುಗಿಯರೆಲ್ಲ ಸೇರಿ ಹಾಕಿದ್ದು ನಾಲ್ಕು.

ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಆಯ್ಕೆದಾರರನ್ನು ಕೇಳಿದೆ.

"ಗಂಡು ಹುಡುಗರ ಜೊತೆ ಪರದೇಶಕ್ಕೆ ಹಳ್ಳಿಯವರು ಕಳಿಸ್ತಾರೇನ್ರೀ ಮೇಷ್ಟ್ರೇ? ಅವಳ ಅಪ್ಪ ಒಪ್ಪೋಲ್ಲ."

"ಅವನನ್ನು ಕೇಳಿದಿರಾ?"

"ಕೇಳೋದೇನು ಬಂತು? ಇವರ ಬುದ್ಧಿ ನಮಗೆ ಗೊತ್ತಿಲ್ವೆ?"

ಲಕ್ಷ್ಮಿದೇವಿಯ ಜಾಗದಲ್ಲಿದ್ದದ್ದು ಆ ಆಯ್ಕೆದಾರರ ತಂಗಿಯ ಮಗಳ ಹೆಸರು. ನನಗೆ ಮೈ ಉರಿಯಿತು. ಒಪ್ಪಿಗೆ ಪತ್ರ ತಂದು ಅವರ ಮುಖಕ್ಕೇ ಹಿಡಿಯೋಣವೆಂದು ಮರುದಿನ ಪುರವರಕ್ಕೆ ಹೋದೆ. ಲಕ್ಷ್ಮಿದೇವಿಯ ಅಪ್ಪ, ಪಟ್ಟಿಯ ಸುದ್ದಿ ಇನ್ನೂ ತಿಳಿಯದೆ, ಮಗ್ಗದ ಮುಂದೆ ಕೂತಿದ್ದ.

"ಆ ದೇಶದಾಗೆ ಚಳಿ ಜಾಸ್ತಿಯಂತಲ್ಲ ಸಾ. ಮಗೀಗೆ ಕಂಬ್ಳಿ ನೇಯ್ತಿವ್ನಿ."

"ಹುಡುಗರ ಜೊತೆ ಆಡಬೇಕಲ್ಲಪ್ಪ?"

"ಅಯ್, ನಮ್ ಹೆಣ್ಮಕ್ಳು ಗಂಡಸರ ಜೊತೆ ತಿಂಗಳುಗಟ್ಲೆ ಕುರಿ ಹಿಂದೆ ಹೋಗ್ತಾವೆ. ಎಂಟು ದಿನ ಚೆಂಡಿನ ಹಿಂದೆ ಹೋದ್ರೆ ಏನಾಯ್ತದೆ ಬುಡಿ ಸಾ."

ಹೆಬ್ಬೆಟ್ಟು ಒತ್ತಿಕೊಟ್ಟ. ಆ ಪತ್ರ ನೋಡಿ ಆಯ್ಕೆದಾರರು, "ಪಟ್ಟಿ ಆಗಲೇ ಡೆಲ್ಲಿಗೆ ಹೋಯ್ತಲ್ಲ," ಎಂದು ಅದನ್ನು ಮಡಿಸಿ ನನ್ನ ಕೈಗೇ ಕೊಟ್ಟರು.

ತಂಡ ಆಡಿದ ಪಂದ್ಯಗಳನ್ನೆಲ್ಲ ಸೋತು ಬಂತು. ಯಾಕೆ ಹೀಗಾಯಿತೆಂದು ಕೇಳಿದ್ದಕ್ಕೆ ಆಯ್ಕೆದಾರರು ನಿಟ್ಟುಸಿರಿಟ್ಟರು: "ಅಲ್ಲಿಯ ಚಳಿ ನಮ್ಮ ಹುಡುಗಿಯರಿಗೆ ತಡೆಯೋಕಾಗಲಿಲ್ಲ ಕಣ್ರೀ."