ಎಣ್ಣೆಗೂ ಗಜನಿಗೂ ನಡುವೆ ನಿಂತ ಜಟ್ಟ

ಚೌತಿ ಕಳೆದ ಮೇಲಿನ ಒಂದು ಬೆಳಗು. ಕಾಗಾಲದ ಕಟ್ಟೆಗೆ ಕೊಕ್ಕರೆಗಳಿಗಿಂತ ಮೊದಲು ಬಂದು ಕೂತವ ಜಟ್ಟ ಗೌಡ. ತಲೆ ಮೇಲೆ ಕಂಬಳಿ ಕೊಪ್ಪೆ, ಬಾಯಲ್ಲಿ ಎಲೆಯಡಿಕೆ ಕವಳ. ಕಾಲು ಇಳಿಬಿಟ್ಟು ಹೊಳೆ ನೀರಿಗೆ ಹೆಬ್ಬೆರಳು ಅದ್ದಿ ನೋಡ್ತಾನೆ. ನೀರು ಸಮುದ್ರದ ಕಡೆ ಎಳೀತಾ ಇದೆ. "ಆತು, ಇಳಿತ ಶುರುವಾತು" ಅಂತ ಕೊಕ್ಕರೆಗಳಿಗೆ ವರದಿ ಕೊಟ್ಟು ಎದ್ದು, ಜಂತ್ರಡಿಯ ಹಲಗೆಗೆ ಹಗ್ಗ ಸಿಕ್ಕಿಸಿ ಎಳೀತಾನೆ. ಹಲಗೆ ನರಳ್ತದೆ, ಜಟ್ಟನೂ ನರಳ್ತಾನೆ. ಇಬ್ಬರಲ್ಲಿ ಯಾರಿಗೆ ವಯಸ್ಸು ಜಾಸ್ತಿ ಅನ್ನೋದು ಊರಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ಜಂತ್ರಡಿ ಅಂದ್ರೆ ಕಟ್ಟೆಗೆ ಇಟ್ಟ ಮರದ ಬಾಗಿಲು. ಒಂದರ ಮೇಲೊಂದು ಹಲಗೆ ಕೂರಿಸಿದ್ದು. ಆಚೆ ಅಘನಾಶಿನಿ ಹೊಳೆ. ಭರತ ಬಂದಾಗ ಸಮುದ್ರದ ಉಪ್ಪುನೀರನ್ನ ಒಳಗೆ ಕರಕೊಂಡು ಬರ್ತದೆ. ಈಚೆ ಗಜನಿ, ಅಂದ್ರೆ ಹೊಳೆಗಿಂತ ತಗ್ಗಿನ ಗದ್ದೆಬಯಲು. ಅಲ್ಲಿ ಬೆಳೆಯೋದು ಕಗ್ಗ ಭತ್ತ. ಕಗ್ಗಕ್ಕೆ ಸ್ವಲ್ಪ ಉಪ್ಪು ಅಡ್ಡಿಲ್ಲ, ಹೆಚ್ಚಾದ್ರೆ ಮಾತ್ರ ಮುನಿಸು. ಅದಕ್ಕೇ ಮಳೆಗಾಲದ ಶುರುವಿಗೆ ಗದ್ದೆಯ ಉಪ್ಪನ್ನ ಮಳೆನೀರಲ್ಲಿ ಕರಗಿಸಿ, ಇಳಿತಕ್ಕೆ ಹಲಗೆ ಎತ್ತಿ ಹೊರಗೆ ಬಿಡಬೇಕು. ಭರತಕ್ಕೆ ಹಲಗೆ ಇಳಿಸಿ, ಸಂದಿಗೆ ಹುಲ್ಲು ತುರುಕಿ ಜೇಡಿಮಣ್ಣು ಮೆತ್ತಬೇಕು. ಸಮುದ್ರಕ್ಕೆ ಆಯಿತವಾರವೂ ಇಲ್ಲ, ಹಬ್ಬವೂ ಇಲ್ಲ; ಜಟ್ಟನಿಗೂ ಇಲ್ಲ. ಅಪ್ಪ ಮಾಡಿದ ಕೆಲಸ, ಅಜ್ಜ ಮಾಡಿದ ಕೆಲಸ. "ಶಾಲೆ ಹಲಗೆ ಕಂಡವ ಅಲ್ಲ ನಾನು. ನಂಗೆ ಇದೇ ಹಲಗೆ. ಇದ್ರಲ್ಲಿ ಬರೆದದ್ದು ನೀರೇ ಅಳಿಸ್ತದೆ, ತಿದ್ದೋ ಮಾಸ್ತರ್ರ ಕಾಟ ಇಲ್ಲ" ಅಂತ ನಗ್ತಾನೆ. ಜಂತ್ರಡಿಗೆ ಮಂತ್ರ ಗಿಂತ್ರ ಉಂಟಾ ಅಂದ್ರೆ, "ಮಂತ್ರ ಇಲ್ಲ, ತಂತ್ರ ಇಲ್ಲ, ಸೊಂಟನೋವು ಉಂಟು."

ಈ ವರ್ಷ ಆ ಸೊಂಟಕ್ಕೆ ಹೊಸ ಪರೀಕ್ಷೆ ಬಂತು. ಮೇ ತಿಂಗಳ ಕೊನೆಗೆ, ಹೊಳೆ ಬಾಯಿಂದ ಆಚೆ ಎಲ್ಲೋ ಒಂದು ದೊಡ್ಡ ಹಡಗು ಬಂಡೆಗೆ ಬಡಿದು ಹೊಟ್ಟೆ ಒಡ್ಕೊಂಡಿತು. ಕರೀ ಎಣ್ಣೆ ನೀರ ಮೇಲೆ ಹಾಸಿತು. ಇತ್ತ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆಗೆ ಡಬ್ಬಿ ಹಿಡಿದು ಸಾಲು ನಿಂತ ಊರು, ಅತ್ತ ಕರೆಯದೇ ಮನೆ ಬಾಗಿಲಿಗೆ ಹೊರಟ ಎಣ್ಣೆ! ಅದೇ ವಾರ ರೇಡಿಯೋದಲ್ಲಿ ಅರಬ್ಬಿ ಸಮುದ್ರದಲ್ಲಿ ತೂಫಾನು ಏಳೋ ಲಕ್ಷಣ ಅಂತ ಸುದ್ದಿ.

ಕಾರವಾರ ಕಡೆಯಿಂದ ಜೀಪಲ್ಲಿ ಒಬ್ಬ ಸಾಹೇಬ್ರು ಬಂದ್ರು. ಕಟ್ಟೆ ಮೇಲೆ ನಿಂತು ಜಟ್ಟನಿಗೆ ಹೇಳಿದ್ರು: "ನೋಡು, ತೂಫಾನಿನ ಅಲೆ ಬಡಿದು ಎಣ್ಣೆ ಅಲ್ಲೇ ಚೂರುಚೂರಾಗಿ ಹೋಗಬಹುದು. ಗಾಳಿ ದಡಕ್ಕೆ ತಿರುಗಿದ್ರೆ ಅಷ್ಟೂ ನಿಮ್ಮ ಹೊಳೆಗೇ ನುಗ್ಗಬಹುದು."

"ಎರಡ್ರಲ್ಲಿ ಯಾವುದು ಒಡ್ಯಾ?"

"ನಂಗೂ ಗೊತ್ತಿಲ್ಲ ಮಾರಾಯ."

"ಗೊತ್ತಿಲ್ಲ ಹೇಳಿದ ಸಾಹೇಬ್ರನ್ನ ನಾ ನೋಡಿದ್ದು ಅದೇ ಮೊದಲು. ಆಗ್ಲೇ ನಂಬಿಕೆ ಬಂತು" ಅಂತಾನೆ ಜಟ್ಟ. ಅವನಿಗೂ ಗೊತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಮೂರನೆಯದೂ ಒಂದಿತ್ತು: ಅದೇ ತೂಫಾನು ಘಟ್ಟದ ಮೇಲೆ ಮಳೆ ಸುರಿಸಿದ್ರೆ ಹೊಳೆ ಕೆಂಪಾಗಿ ಇಳಿದು ಬಂದು ಎಣ್ಣೆಯನ್ನ ತಿರುಗಿ ಸಮುದ್ರಕ್ಕೆ ದಬ್ತದೆ. ಆದ್ರೆ ಮೊದಲು ಬರೋದು ಸಮುದ್ರವೋ, ಹೊಳೆಯೋ? ಸಾಹೇಬ್ರು ಹೋಗುವಾಗ ಒಂದು ಮಾತು ಹೇಳಿದ್ರು: "ಹುಲ್ಲು ಎಣ್ಣೆ ಹಿಡೀತದೆ. ಸಂದಿಗೆ ಮಾತ್ರ ಅಲ್ಲ, ಬಾಗಿಲ ಎದುರಿಗೂ ಕಟ್ಟಿ ತೇಲಿಬಿಡು."

ಹುಲ್ಲು ಎಲ್ಲಿಂದ? ಮನೆ ಮಾಡಿಗೆ ಹೊದಿಸಲು ಒಟ್ಟಿದ್ದ ಕಗ್ಗದ ಹುಲ್ಲೇ ಗತಿ. ಹೆಂಡತಿ ಲಕ್ಕಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮನೆ ಸೋರ್ಲಿ, ಜಂತ್ರಡಿ ಸೋರಬಾರ್ದು, ಹೌದಾ? ಹಂಗಾರೆ ಮಳೆಗಾಲ ಪೂರ್ತಿ ಅದ್ರ ಸಂಗ್ತಿಗೇ ಮಲ್ಕೊ!" ಅಂದಳು. ಅಂದವಳೇ ಒಂದು ಹೊರೆ ತಾನೇ ಹೊತ್ತಳು.

ಮಳೆ ಹಿಡೀತು. ಗಜನಿ ತುಂಬ್ತು. ಊರವರ ಮನೆಯಲ್ಲೆಲ್ಲ ಬೀಜ ಮೊಳಕೆ ಒಡೆದು ಬಿತ್ತನೆಗೆ ಕಾದಿತ್ತು. ಗದ್ದೆ ನೀರು ಹೊರಗೆ ಹೋಗದೆ ಬಿತ್ತೋ ಹಾಗಿಲ್ಲ. ಹೆಚ್ಚು ಗದ್ದೆ ಇರೋ ಶಾಂತಾರಾಮ ನಾಯಕರು ಕೊಡೆ ಹಿಡಿದು ಬಂದ್ರು.

"ಹಲಗೆ ಎತ್ತು ಜಟ್ಟಾ. ಮೊಳಕೆ ಕೊಳೀತದೆ."

"ಎತ್ತಿದ್ರೆ ಎಣ್ಣೆ ಬರ್ತದೆ ಒಡ್ಯಾ."

"ಬರದಿದ್ರೆ?"

"ಬರದಿದ್ರೆ ನಂಗೆ ಬೈರಿ. ಬಂದ್ರೆ ಯಾರಿಗೆ ಬೈತ್ರಿ, ಹಡಗಿಗಾ?"

ನಾಯಕರು ತಿರುಗಿ ಮನೆ ದಾರಿ ಹಿಡಿದ್ರು. ಕೊಡೆ ಮಾತ್ರ ಗಾಳಿಗೆ ಮಗುಚಿ ಏನೋ ಹೇಳ್ತು.

ಮಧ್ಯಾಹ್ನಕ್ಕೆ ಪಡುಗಾಳಿ ಬೀಸ್ತು. ಸಮುದ್ರವೇ ಮೊದಲು ಬಂತು. ಹೊಳೆ ನೀರು ಕಟ್ಟೆಯ ಕುತ್ತಿಗೆವರೆಗೆ ಏರಿ, ಅದರ ಮೇಲೆ ಎಮ್ಮೆ ಬೆನ್ನಿನ ಹಾಗೆ ಹೊಳೆಯೋ ಎಣ್ಣೆ ತೇಲಿ ಬಂತು. ಬಾಗಿಲ ಎದುರಿನ ಹುಲ್ಲು ನೋಡ್ತಾ ನೋಡ್ತಾ ಕಪ್ಪಾಯ್ತು. ಇನ್ನೊಂದು ಹೊರೆ ತರೋಣ ಅಂತ ಜಟ್ಟ ಮನೆಗೆ ಓಡಿದ.

ಅಷ್ಟರಲ್ಲೇ ಆಗಬಾರದ್ದು ಆಯ್ತು. ಮೊದಲ ದೊಡ್ಡ ಮಳೆಗೆ ಹೊಳೆ ಮೀನು ಸಿಹಿನೀರು ಹುಡುಕಿ ಗದ್ದೆಗೆ ಹತ್ತುತ್ತವೆ. ಆ ಹತ್ತುಮೀನಿನ ಆಸೆಗೆ ಕದ್ದು ಒಂದು ಹಲಗೆ ಎತ್ತೋದು ಈ ಊರಿನ ಹಳೇ ಚಾಳಿ. ಕಂಡರೂ ಯಾರೂ ಬೈಯೋದಿಲ್ಲ, ಬೈದವನ ಮನೆಗೂ ಪಾಲು ಹೋಗ್ತದೆ. ಜಟ್ಟ ಹೊರೆ ಹೊತ್ತು ಬರುವಾಗ ಲಕ್ಕಿಯ ತಮ್ಮ ಅಣ್ಣಪ್ಪ ಮೇಲಿನ ಹಲಗೆ ಕಿತ್ತಿಟ್ಟು, ಬಲೆ ಒಡ್ಡಿ ಕುಣೀತಿದ್ದ. "ಭಾವಾ, ಹತ್ತುಮೀನು! ಬುಟ್ಟಿ ತುಂಬ್ತು ಭಾವಾ!"

"ನಿನ್ನ ಹತ್ತುಮೀನಿಗೆ ಬೆಂಕಿ ಬೀಳಲಿ! ನೀರು ನೋಡಾ, ಕುರುಡ!"

ಅಣ್ಣಪ್ಪ ನೋಡಿದ. ಮೀನಿನ ಹಿಂದೆಯೇ ಕಪ್ಪು ಪಟ್ಟಿ ಗಜನಿಗೆ ಇಳೀತಿತ್ತು. ಬುಟ್ಟಿ ಬಿಟ್ಟು ಹಲಗೆಗೆ ಬಿದ್ದ. ಇಬ್ಬರೂ ಸೇರಿ ಅದುಮಿದ್ರೂ ನೀರಿನ ರಭಸಕ್ಕೆ ಹಲಗೆ ಕೂರಲಿಲ್ಲ. ಜಟ್ಟ ಅದರ ಮೇಲೇ ಹತ್ತಿ ಕೂತ. ಆಮೇಲೆ ಕೂತ್ಕೊಂಡ್ತು. ಒಳಗೆ ನುಗ್ಗಿದ ಎಣ್ಣೆ ಗದ್ದೆಗೆಲ್ಲ ಹರಡದ ಹಾಗೆ, ಇದ್ದ ಹುಲ್ಲನ್ನ ಹಗ್ಗದ ಹಾಗೆ ಹೊಸೆದು ಒಂದು ಮೂಲೆಗೆ ಬೇಲಿ ಹಾಕಿದ್ರು. ಕತ್ತಲಾಗುವಷ್ಟರಲ್ಲಿ ಇಬ್ಬರಲ್ಲಿ ಭಾವ ಯಾರು, ಭಾವನೆಂಟ ಯಾರು ಅಂತ ಗುರುತು ಸಿಗದಷ್ಟು ಕಪ್ಪಾಗಿದ್ರು.

ಮಾರನೇ ಬೆಳಿಗ್ಗೆ ಹೊಳೆ ಕೆಂಪಾಗಿ ಬಂತು. ಘಟ್ಟದ ನೀರು ದಬ್ಬಿದ ದಬ್ಬಿಗೆ ಎಣ್ಣೆ ಬಂದ ದಾರಿಗೇ ತಿರುಗ್ತು. ಹೊಳೆಯ ಮೇಲೆ ಕಪ್ಪು ಪೂರಾ ಹೋಗೋವರೆಗೂ ಜಟ್ಟ ಹಲಗೆ ಮುಟ್ಟಲಿಲ್ಲ. ಮತ್ತಿನ ಇಳಿತಕ್ಕೆ ಎತ್ತಿದ. ಗಜನಿಯ ಉಪ್ಪುನೀರು ಹೊರಗೆ ಹೋಯ್ತು, ಊರು ಬಿತ್ತಿತು. ಹೊಳೆ ದಬ್ಬಿದ ಎಣ್ಣೆ ಎಲ್ಲಿಗೆ ಹೋಯ್ತು ಅಂತ ಕಡಲದಡದ ಮಾವಿನಕುರ್ವೆಯವರನ್ನ ಕೇಳಬೇಕು; ಅಲ್ಲಿ ಮರಳ ಮೇಲೆ ಎಳ್ಳುಂಡೆಯ ಹಾಗೆ ಬಿದ್ದ ಕರೀ ಉಂಡೆ ಮೆಟ್ಟಿ, ಅಂಗಾಲು ತಿಕ್ಕಿ ತಿಕ್ಕಿ ಸುಸ್ತಾದ್ರಂತೆ. ಅಣ್ಣಪ್ಪನ ಮೀನಿನ ಬಗ್ಗೆ ಲಕ್ಕಿ ಹೇಳೋದು ಇಷ್ಟು: "ಹುರೀಲಿಕ್ಕೆ ಎಣ್ಣೆ ಬೇಡ, ಒಲೆ ಹತ್ರ ಮಾತ್ರ ತರಬೇಡ ಅಂದೆ. ಬೆಕ್ಕೂ ಮೂಸಿ ನೋಡಿ ಹೋತು."

ಈಗ ಗಜನಿಯಲ್ಲಿ ಕಗ್ಗ ಎದೆಯೆತ್ತರ ನಿಂತಿದೆ. ಜಟ್ಟನ ಮನೆ ಸೋರ್ತದೆ, ಪಾತ್ರೆ ಇಟ್ಟದ್ದಾಗಿದೆ. ಅಣ್ಣಪ್ಪ ಯಾರೂ ಹೇಳದೇ ದಿನಾ ಬಂದು ಹಗ್ಗಕ್ಕೆ ಕೈ ಹಾಕ್ತಾನೆ. ಎಣ್ಣೆ ಹೊಕ್ಕ ಮೂಲೆಯಲ್ಲಿ ಮಾತ್ರ ಪೈರು ಸುಟ್ಟು ಹೋಗಿದೆ. ನಡುವೆ ಒಂದು ಹಿಡಿಯಷ್ಟು ಬುಡ, ಗಿಡ್ಡಗೆ, ಹಠ ಹಿಡಿದು ನಿಂತಿದೆ. ಅದನ್ನ ಕಿತ್ತು ಬಿಸಾಡು ಅಂತಾರೆ ನಾಯಕರು. ಜಟ್ಟ ತಲೆ ಅಲ್ಲಾಡಿಸ್ತಾನೆ. ಅವನಿಗೆ ಇನ್ನು ಬೇಕಾದ್ದು ಇದೊಂದೇ: ಆ ಹಿಡಿ ಬುಡ ತೆನೆ ಬಿಡಬೇಕು.

"ಬೀಜಕ್ಕೆ ಬೇರೇನೇ ತೆಗೆದಿಡ್ತೆ" ಅಂತಾನೆ, ನೀರಿಗಿಳಿದು ಒಂದು ಗರಿ ನೇವರಿಸ್ತಾ. "ಇದ್ರ ಅಜ್ಜ ಉಪ್ಪು ಕುಡಿದು ಬದುಕಿದ್ದು. ಇದು ಎಣ್ಣೆ ಕುಡಿದೂ ನಿಂತದೆ. ಬರೋ ವರ್ಷ ಇದ್ರ ಮಕ್ಕಳು ಹೆಂಗೆ ಏಳ್ತಾವೆ, ನೋಡೂಕೆ ಬನ್ನಿ."