ಸೊನ್ನೆ ಪವರಿನ ಗಾಜು

ಕನ್ನಡಕದಂಗಡಿಯ ಯಜಮಾನನಿಗೆ ತನ್ನ ಗಿರಾಕಿಗಳನ್ನು ಕಂಡರೆ ಒಳಗೊಳಗೇ ನಗು. ಕೆಲವರ ಕಣ್ಣು ಚೆನ್ನಾಗೇ ಇರುತ್ತದೆ, ಆದರೂ ಎಲ್ಲ ಮಂಜು ಮಂಜು ಎಂದು ಗೋಳಾಡುತ್ತಾರೆ. ಅಂಥವರಿಗೆ ಅವನು ಸೊನ್ನೆ ಪವರಿನ ಬರೀ ಗಾಜು ಇಟ್ಟು "ಈಗ?" ಎನ್ನುತ್ತಿದ್ದ. "ಅಬ್ಬಾ, ಈಗ ಎಷ್ಟು ನಿಚ್ಚಳ!" ಎಂದು ಅವರು ಬಾಯಿ ಬಿಡುತ್ತಿದ್ದರು. ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನು ನಟಿಸಿ ತೋರಿಸಿ ಬಿದ್ದು ಬಿದ್ದು ನಗುತ್ತಿದ್ದ. ಅವಳೂ ನಗುತ್ತಿದ್ದಳು, ಹೋದ ವರ್ಷ ತಲೆನೋವು ಎಂದಾಗ ಅವನೇ ಮಾಡಿಕೊಟ್ಟ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಳ್ಳುತ್ತ.

ಇಂಥ ಜಾಣ ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡರೆ ಮಾತ್ರ ಬೇರೆಯೇ ಮನುಷ್ಯ. ಪೇಟೆಯ ಅಂಗಡಿಯವರು ಸೇರಿ ಕಟ್ಟಿಕೊಂಡ ವಾದ್ಯತಂಡದಲ್ಲಿ ಅವನದೊಂದು ಸೋಲೋ ಇತ್ತು; ಹಾಡಿನ ನಡುವೆ ಎಲ್ಲರೂ ಸುಮ್ಮನಾಗಿ ಅವನೊಬ್ಬನೇ ನುಡಿಸುವ ತುಣುಕು. ಅದರ ಕೊನೆಯ ತಿರುವಿನಲ್ಲಿ ಅವನು ಎಡವದ ದಿನವೇ ಇಲ್ಲ. ತಪ್ಪು ಬೆರಳಿನದೇ? ಛೆ, ಪಿಕಪ್ಪಿನದು! ತಂತಿಗಳ ಕೆಳಗೆ ಕೂತು ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಆ ಅಯಸ್ಕಾಂತದ ಪಟ್ಟಿಯೇ ತನ್ನ ಸ್ವರಗಳನ್ನು ನುಂಗಿ ನೀರು ಕುಡಿಯುತ್ತಿದೆ ಎಂದು ಅವನ ವಾದ. ಸರಿ, ಬದಲಿಸೋಣ. ಯಾವುದನ್ನು ಹಾಕುವುದು? ಒಂದರ ದನಿ ಬೆಚ್ಚಗಂತೆ, ಇನ್ನೊಂದರದು ಚುರುಕಂತೆ. ಈ ಅಂತೆಕಂತೆಗಳಲ್ಲೇ ತಿಂಗಳುಗಳು ಉರುಳಿದವು, ಅಭ್ಯಾಸಕ್ಕೆ ಪುರುಸೊತ್ತೇ ಆಗಲಿಲ್ಲ.

ತಂಡದ ಮುಖ್ಯಸ್ಥ ಹೆಂಡತಿಯ ತಮ್ಮನೇ. ಕಾರ್ಯಕ್ರಮ ಹತ್ತಿರ ಬಂದಾಗ ಅವನು ಹೇಳಿಬಿಟ್ಟ: "ಭಾವ, ಈ ರಜೆ ದಿನ ಪಿಕಪ್ ಆರಿಸಿ, ಸೋಲೋ ಸರಿಯಾಗಿ ನುಡಿಸಿ ತೋರ್ಸಿ. ಇಲ್ಲಾಂದ್ರೆ ಅದನ್ನ ಬಟ್ಟೆ ಅಂಗಡಿಯವರ ಕೀಬೋರ್ಡಿಗೆ ಕೊಡ್ತೀನಿ."

ಯಜಮಾನ ತಕ್ಷಣ ಒಪ್ಪಿಕೊಂಡ. ಆ ಸೋಲೋ ಬಿಟ್ಟರೆ ಜನ ಅವನನ್ನು ನೋಡಿ ಚಪ್ಪಾಳೆ ತಟ್ಟುವ ಸಂದರ್ಭ ಬದುಕಿನಲ್ಲಿ ಇನ್ನೊಂದಿರಲಿಲ್ಲ.

ರಜೆಯ ಮಧ್ಯಾಹ್ನ ಕನ್ನಡಕದಂಗಡಿಯ ಷಟರ್ ಅರ್ಧ ಎಳೆದು ಯಜಮಾನ, ಹೆಂಡತಿ, ಬಾಮೈದ ಮೂವರೂ ಒಳಗೆ ಸೇರಿದರು. ಬಾಮೈದ ಎರಡು ಬಗೆಯ ಪಿಕಪ್ ಇರುವ ಎರಡು ಗಿಟಾರುಗಳನ್ನು ಎರವಲು ತಂದಿದ್ದ. "ಕಣ್ಣಲ್ಲಿ ನೋಡಿದ್ರೆ ಕಿವಿ ಮೋಸ ಹೋಗುತ್ತೆ, ಭಾವ" ಎಂದು ಯಜಮಾನನನ್ನು ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ, ಗೋಡೆಯ ಅಕ್ಷರಗಳ ಕಡೆ ಮುಖ ಮಾಡಿ ಕೂರಿಸಿದ. ಬೆನ್ನ ಹಿಂದೆ ಸೋಲೋ ಒಮ್ಮೆ ಮೊಳಗಿತು.

"ಇದು ಮಂಜು ಮಂಜು. ಇನ್ನೊಂದು ತಗೋ."

ಮತ್ತೊಮ್ಮೆ ಮೊಳಗಿತು.

"ಅಬ್ಬಾ, ಈಗ ಎಷ್ಟು ನಿಚ್ಚಳ! ಆ ಕೊನೇ ತಿರುವು ಕೇಳಿದ್ಯಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ಪಿಕಪ್ ಅಂದ್ರೆ ಇದಪ್ಪಾ!"

ಹೆಂಡತಿ ಕಿಸಕ್ಕೆಂದಳು. ಅವನು ತಿರುಗಿ ನೋಡಿದ. ತಂದ ಗಿಟಾರುಗಳೆರಡೂ ಚೀಲದಿಂದ ಹೊರಗೇ ಬಂದಿರಲಿಲ್ಲ. ಬಾಮೈದನ ತೊಡೆಯ ಮೇಲಿದ್ದುದು ಯಜಮಾನನ ಸ್ವಂತ ಗಿಟಾರು, ಸ್ವರ ನುಂಗುವ ಅದೇ ಹಳೆಯ ಪಿಕಪ್ಪಿನದು. ಎರಡು ಸಲವೂ ನುಡಿದದ್ದು ಅದೇ.

"ಸೊನ್ನೆ ಪವರ್ ಕಣ್ರೀ!" ಎಂದಳು ಹೆಂಡತಿ.

ಬಾಮೈದ ಗಿಟಾರನ್ನು ಅವನ ಕೈಗಿತ್ತ. ನೆಪವೊಂದೂ ಉಳಿಯದೆ ಯಜಮಾನ ನುಡಿಸಿದ. ಕೊನೆಯ ತಿರುವಿನಲ್ಲಿ ಬೆರಳು ಯಥಾಪ್ರಕಾರ ಮುಗ್ಗರಿಸಿತು. "ತಂತಿ ಹಳೇದಾಗಿದೆ..." ಎಂದು ರಾಗ ಎಳೆದ. ಬಾಮೈದ ಆಗಲೇ ಬಟ್ಟೆ ಅಂಗಡಿಯವನಿಗೆ ಫೋನ್ ಮಾಡುತ್ತಿದ್ದ.

ಇಂಗು ತಿಂದ ಮಂಗನಂತೆ ಕೂತಿದ್ದ ಗಂಡನನ್ನು ನೋಡಿ ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅವಳಿಗೆ ಏನೋ ಹೊಳೆಯಿತು. ತನ್ನ ಕನ್ನಡಕ ತೆಗೆದು ಗೋಡೆಯ ಅಕ್ಷರಗಳನ್ನು ಓದಿದಳು. ಹಾಕಿಕೊಂಡು ಓದಿದಳು. ಮತ್ತೆ ತೆಗೆದಳು.

"ರೀ," ಎಂದಳು, "ಇದು?"

ಯಜಮಾನ ತಲೆ ಬಗ್ಗಿಸಿ, ತುಂಬ ಶ್ರದ್ಧೆಯಿಂದ ಗಿಟಾರಿನ ಶ್ರುತಿ ಸರಿಮಾಡತೊಡಗಿದ.